ಉದ್ದದ ಉತ್ತರ

ಚಳಿ ಬಿಟ್ಟಿತ್ತು, ಬಿಸಿಲು ಇನ್ನೂ ಹಲ್ಲು ತೋರಿಸಿರಲಿಲ್ಲ. ಅಂಥ ದಿನಗಳಲ್ಲಿ ಒಂದು ಸಂಜೆ, ಬೀದಿ ನಲ್ಲಿಗೆ ನೀರು ಬರುವ ಹೊತ್ತಿಗೆ ಇದು ಶುರುವಾಯಿತು.

ಆ ಹೊತ್ತಿನಲ್ಲಿ ಆ ಮನೆಯ ಅಜ್ಜಿಗೆ ನಲ್ಲಿಯ ಸಾಲಿನಲ್ಲಿ ಕೊಡ ಇಡುವ ಕೆಲಸ, ಮೊಮ್ಮಗಳಿಗೆ ಬಾಗಿಲ ಮೆಟ್ಟಿಲ ಮೇಲೆ ಕೂತು ಅಪ್ಪನ ದಾರಿ ಕಾಯುವ ಕೆಲಸ. ಅವಳು ಕಾಯುತ್ತಿದ್ದುದು ಅಪ್ಪನನ್ನಲ್ಲ, ಅಪ್ಪನ ಜೇಬಿನ ಫೋನನ್ನು ಎಂದು ಅಜ್ಜಿ ಚುಡಾಯಿಸುತ್ತಿದ್ದಳು. ಮನೆಗೆಲ್ಲ ನೆಟ್ಟು ಬರುವ ಫೋನು ಅದೊಂದೇ. ಅಪ್ಪ ಬೀದಿಯ ಕೊನೆಯ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಹಲಗೆ ಎತ್ತಿಕೊಡುವವನು. ತಲೆ, ಹುಬ್ಬು, ಕಿವಿಯ ಸಂದಿ ಎಲ್ಲ ಹೊಟ್ಟು ಮೆತ್ತಿಕೊಂಡು ಬರುತ್ತಿದ್ದ. ಅಮ್ಮ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು. ಮಧ್ಯಾಹ್ನ ಹೋದರೆ ಊಟದ ಹೊತ್ತು ಕಳೆದ ಮೇಲೆಯೇ ವಾಪಸು. ಹಾಗಾಗಿ ಅಪ್ಪ ಬಂದು ಅಮ್ಮ ಬರುವವರೆಗಿನ ಸಮಯ ಹುಡುಗಿಯ ಪಾಠದ ಸಮಯ.

ಎಂಟನೇ ಕ್ಲಾಸು. ಪುಸ್ತಕದಲ್ಲಿ ಇಲ್ಲದ್ದನ್ನೇ ಟೀಚರುಗಳು ಕೇಳುತ್ತಿದ್ದರು, "ನೆಟ್ಟಲ್ಲಿ ನೋಡ್ಕೊಂಡು ಬನ್ನಿ" ಎಂದು ಕಳಿಸಿಬಿಡುತ್ತಿದ್ದರು. ಹುಡುಗಿ ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿ, ಅದರ ಮುಂದೆ ಮಂಡಿಯೂರಿ, ಎರಡು ಹೆಬ್ಬೆರಳಲ್ಲಿ ಟಕಟಕ ಒತ್ತುತ್ತಿದ್ದಳು.

"ಏನೇ ಅದು ಇವತ್ತು?" ಅಜ್ಜಿ ಕೊಡ ಇಳಿಸುತ್ತ ಕೇಳಿದಳು.

"ಮಣ್ಣು ಕೊಚ್ಕೊಂಡು ಹೋಗೋದು ಯಾಕೆ ಅಂತ."

"ಮಳೆ ಹುಯ್ದ್ರೆ ಹೋಗುತ್ತೆ. ಅದಕ್ಕೂ ಇದನ್ನ ಕೇಳ್ಬೇಕಾ?"

"ನೀನು ಹೇಳಿದ್ದು ಬರೆದ್ರೆ ಟೀಚರ್ ಮಾರ್ಕ್ಸ್ ಕೊಡಲ್ಲ ಅಜ್ಜಿ."

ಫೋನು ಉದ್ದಕ್ಕೆ ಏನೇನೋ ಸುರಿಯಿತು. ಹುಡುಗಿ ಮೂಗು ಮುರಿದಳು. ಟೀಚರು ಬಿಟ್ಟ ಜಾಗ ನಾಲ್ಕು ಸಾಲು. ಅವಳು ಕೇಳಿದ್ದರಲ್ಲಿ ಒಂದು ಮಾತು ಅಳಿಸಿ ಮತ್ತೆ ಕೇಳಿದಳು, ಇನ್ನೊಂದು ಅಳಿಸಿ ಮತ್ತೆ. ಅಜ್ಜಿ ಬೆರಗಾಗಿ ನೋಡುತ್ತಿದ್ದಳು.

"ಮಾತು ಜಾಸ್ತಿ ಹಾಕಿದ್ರೆ ಉತ್ತರ ಉದ್ದ ಬರುತ್ತೆ. ಒಂದೊಂದೇ ತೆಗೀತಾ ಹೋಗ್ಬೇಕು. ನಮಗೆ ಹಿಡಿಸೋ ಅಷ್ಟು ಬಂದ್ ಕೂಡ್ಲೆ ನಿಲ್ಸ್‌ಬೇಕು. ಕ್ಲಾಸಲ್ಲಿ ಎಲ್ರೂ ಹೀಗೇ ಮಾಡೋದು."

"ಅಂದ್ರೆ ಬಟ್ಟೆಗೆ ತಕ್ಕಂತೆ ಮೈ ಕತ್ತರಿಸೋದು" ಎಂದು ಅಪ್ಪ ನಕ್ಕ. ತಲೆ ಕೊಡವಿದ, ಹೊಟ್ಟು ಉದುರಿತು. "ನಮ್ಮ ಪಂಡಿತಮ್ಮ ನೋಡಮ್ಮ! ನಾನು ಮೂರನೇ ಕ್ಲಾಸಲ್ಲಿ ಸ್ಲೇಟು ಮುರ್ಕೊಂಡು ಓಡಿ ಬಂದವನು. ನನ್ನ ಮಗಳು ಬೆರಳಲ್ಲಿ ಲೋಕ ಕುಣಿಸ್ತಾಳೆ."

ಅಮ್ಮನಿಗೆ ಈ ಕುಣಿತ ಹಿಡಿಸುತ್ತಿರಲಿಲ್ಲ. ಬೆಳಗ್ಗೆ ಜಡೆ ಹಾಕುವಾಗ ಮಗಳನ್ನು ಹಿಡಿದು ಕೇಳುತ್ತಿದ್ದಳು.

"ನಿನ್ನೆ ಬರ್ದಿದ್ದು ಏನು, ಹೇಳು?"

"ಬರ್ದಿದೀನಲ್ಲ ಅಮ್ಮ, ನೋಡ್ಕೋ."

"ಕೈ ಬರ್ದಿದೆ. ತಲೇಲಿ ಏನಿದೆ ಅಂತ ಕೇಳ್ದೆ."

ಹುಡುಗಿ ರಿಬ್ಬನ್ನು ಎತ್ತಿ ಹಿಂದಕ್ಕೆ ಕೊಡುತ್ತಿದ್ದಳು.

"ಜರಡಿ ಹಿಡಿದು ನೀರು ತರ್ತಿದೀಯ. ದಾರಿ ಪೂರ್ತಿ ಒದ್ದೆ, ಮನೆಗೆ ಬಂದ್ರೆ ಏನೂ ಇಲ್ಲ."

"ಬಿಡಮ್ಮ, ಕೂಸಿನ ಜಡೆ ಕೀಳ್ಬೇಡ" ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. "ಮಾರ್ಕ್ಸ್ ಬರ್ತಿದೆಯಲ್ಲ!"

"ನೀವೇ ಅತ್ತೆ, ನೀವೂ ನಿಮ್ಮ ಮಗನೂ ಸೇರಿ ಇವಳನ್ನ ಹೊತ್ಕೊಂಡು ಕುಣೀತೀರಿ. ಬಿದ್ದಾಗ ಎತ್ತೋಳು ನಾನು."

ಮಾರ್ಕ್ಸ್ ಬರುತ್ತಿದ್ದುದು ನಿಜ. ಮನೆಯವರಿಗೂ ಅದೇ ಚಾಳಿ ಹತ್ತಿತು. ಒಲೆ ಬತ್ತಿ ಕಪ್ಪಾದರೆ ಹುಡುಗಿಯನ್ನು ಕೇಳುವುದು, ಬಸ್ಸು ಎಷ್ಟು ಹೊತ್ತಿಗೆಂದು ಹುಡುಗಿಯನ್ನು ಕೇಳುವುದು. ಮಹಡಿಯ ಮೇಲಿನ ಟೈಲರಮ್ಮ ಕೂಡ ಮೆಟ್ಟಿಲಿಳಿದು ಬಂದು ಕಣಿ ಕೇಳುವವಳ ಹಾಗೆ ಕೂರುತ್ತಿದ್ದಳು. "ಪಂಡಿತಮ್ಮ, ನನ್ನ ಮಂಡಿ ನೋವಿಗೆ ಏನನ್ನುತ್ತೆ ಕೇಳೇ." ಹುಡುಗಿ ಶಾಲೆಯ ಪ್ರಶ್ನೆಯ ಹಾಗೇ ಇವರ ಪ್ರಶ್ನೆಯನ್ನೂ ಸವರಿ, ಕತ್ತರಿಸಿ, ನಾಲ್ಕು ಸಾಲಿಗೆ ಇಳಿಸಿ ಓದಿ ಹೇಳುತ್ತಿದ್ದಳು. ಕೇಳಿದವರು ಖುಷಿಯಾಗಿ ಹೋಗುತ್ತಿದ್ದರು.

ಒಂದು ಸಂಜೆ ಅಪ್ಪ ಬಲಗೈಗೆ ಕರವಸ್ತ್ರ ಸುತ್ತಿಕೊಂಡು ಬಂದ.

"ಏನಾಯ್ತೋ?" ಎಂದಳು ಅಜ್ಜಿ.

"ಏನಿಲ್ಲಮ್ಮ. ಹಲಗೆ ರಾಶಿ ಕೆಳಗೆ ನಾಯಿ ಮರಿ ಹಾಕಿತ್ತು. ಹಲಗೆ ಎತ್ತಿದೆ, ಒಂದು ಮರಿ ನೆಗೆದು ಪರಚ್ತು."

ಕರವಸ್ತ್ರ ಬಿಚ್ಚಿದರೆ ಹೆಬ್ಬೆರಳಿನ ಬುಡದಲ್ಲಿ ಎರಡು ಗೀರು, ಒಂದರ ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ರಕ್ತ. ಹಲ್ಲು ತಾಗಿತೋ ಉಗುರು ತಾಗಿತೋ ಅವನಿಗೇ ಗೊತ್ತಿರಲಿಲ್ಲ. ದೊಡ್ಡ ನಾಯಿ ಕಚ್ಚಿದರೆ ಆಸ್ಪತ್ರೆಗೆ ಓಡಬೇಕೆಂದು ಬೀದಿಗೆಲ್ಲ ಗೊತ್ತಿತ್ತು. ಇದು ಅಂಗೈ ಅಗಲದ ಮರಿ. ಅಜ್ಜಿ ಒಂದು ಚೊಂಬು ನೀರು ಸುರಿದಳು.

"ಪಂಡಿತಮ್ಮ, ಕೇಳಿ ನೋಡು" ಎಂದ ಅಪ್ಪ, ಎಡಗೈಯಲ್ಲಿ ಫೋನು ಕೊಡುತ್ತ.

ಹುಡುಗಿ ಒತ್ತಿದಳು. ಓದಿದಳು. "'ನಾಯಿಮರಿ ಕಚ್ಚಿದರೆ ಕೂಡಲೇ ಸೋಪು ಹಾಕಿ, ಹರಿಯೋ ನೀರಲ್ಲಿ ತುಂಬಾ ಹೊತ್ತು ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಕಾದು ನೋಡಬಾರದು. ಹಲವು ಸಲ ಹೋಗಬೇಕು...' ಅಪ್ಪ, ಇನ್ನೂ ಇದೆ, ಉದ್ದ ಇದೆ."

"ಕಚ್ಚಿದ್ದು ಅಂತ ಯಾಕೆ ಹಾಕ್ದೆ? ಪರಚಿದ್ದು ಅನ್ನು."

ಅಳಿಸಿ ಪರಚಿದ್ದು ಎಂದು ಹಾಕಿದಳು. ಅದೇ ಉತ್ತರ ಬಂತು.

"ಹಲವು ಸಲ ಹೋಗೋದಂತೆ!" ಅಪ್ಪ ಗೋಡೆಗೆ ಒರಗಿದ. ಮಿಲ್ಲಿಗೆ ಹಣ್ಣಿನ ಪೆಟ್ಟಿಗೆಗಳ ದೊಡ್ಡ ಆರ್ಡರು ಬಂದಿತ್ತು. ಈ ಆರ್ಡರು ಮುಗಿಯೋವರೆಗೆ ಒಂದು ಪಾಳಿ ತಪ್ಪಿಸಿದವನೂ ಮತ್ತೆ ಗೇಟಿನೊಳಗೆ ಕಾಲಿಡಬೇಕಾಗಿಲ್ಲ ಎಂದು ಮಾಲೀಕ ಎಲ್ಲರೆದುರು ಹೇಳಿದ್ದ. ಗೇಟಿನ ಹೊರಗೆ ಆ ಜಾಗಕ್ಕೆ ಕಾದವರು ದಿನಾ ನಿಂತಿರುತ್ತಿದ್ದರು. "ಅಮ್ಮ, ನೀನೇ ಹೇಳು, ಇದಕ್ಕೆ ಹೋಗಿ ಆಸ್ಪತ್ರೆ ಸಾಲಲ್ಲಿ ನಿಲ್ಲೋದಾ?"

ಅಜ್ಜಿ ಕೈ ಹಿಡಿದು ತಿರುಗಿಸಿ ನೋಡಿದಳು. "ಹಾಲು ಕುಡಿಯೋ ಮರಿ ಅಲ್ವೇನೋ? ಹಾಗಂತ ಹಾಕು ಕೂಸೇ. ಹಾಲು ಕುಡಿಯೋ ಮರಿ ಅನ್ನು."

ಹಾಕಿದರೂ ಆಸ್ಪತ್ರೆ ಎಂದೇ ಬಂತು.

"ಶಾಲೆಗೆ ಮಾಡ್ತೀಯಲ್ಲ ಹಾಗೆ ಮಾಡು" ಎಂದ ಅಪ್ಪ. "ಉದ್ದ ಬೇಡ."

ಹುಡುಗಿ ಅಪ್ಪನ ಮುಖ ನೋಡಿದಳು. ಬೆರಳು ಆಡಲಿಲ್ಲ. "ಅಪ್ಪ, ಎಲ್ಲಾ ಸಲ ಒಂದೇ ಬರ್ತಿದೆ..."

"ಮಾಡು ಕೂಸೇ" ಎಂದಳು ಅಜ್ಜಿ. "ದಣಿದು ಬಂದಿದಾನೆ. ಹೆದರಿಸ್ಬೇಡ ಅವನನ್ನ."

ಹುಡುಗಿ ಒಂದೊಂದೇ ಮಾತು ಅಳಿಸಿದಳು. ಹಾಲು ಹೋಯಿತು, ಮರಿ ಹೋಯಿತು, ನಾಯಿಯೂ ಹೋಯಿತು. ಕೈ ತರಚಿದರೆ ಏನು ಹಚ್ಚಬೇಕು ಎಂದಷ್ಟೇ ಉಳಿಯಿತು. ಉತ್ತರ ಮೂರು ಸಾಲಿನದು: ತೊಳೆದು ಒಣಗಿಸಿ, ಮುಲಾಮು ಹಚ್ಚಿ, ಕೊಳೆ ತಾಗದಂತೆ ಇಡಿ, ಕೆಲವು ದಿನದಲ್ಲಿ ವಾಸಿಯಾಗುತ್ತದೆ.

"ನೋಡಿದ್ಯಾ? ಈಗ ದಾರಿಗೆ ಬಂತು!" ಅಪ್ಪನ ಮುಖ ಅರಳಿತು. ಅಜ್ಜಿ ಮುಲಾಮು ತಂದು ಹಚ್ಚಿದಳು. ಅವನು ಮಗಳ ತಲೆ ನೇವರಿಸಿ, ದನಿ ತಗ್ಗಿಸಿ, "ನಿಮ್ಮಮ್ಮಂಗೆ ಹೇಳ್ಬೇಡ. ಮನೆ ಸೂರು ಹಾರಿಸ್ತಾಳೆ" ಎಂದ.

"ಹೇಳಲ್ಲ ಅಪ್ಪ."

ಅಮ್ಮ ಬಂದು ಕೈ ನೋಡಿ ಕೇಳಿದ್ದಕ್ಕೆ ಹಲಗೆ ತರಚಿತು ಎಂದ. "ಕಣ್ಣು ಎಲ್ಲಿಟ್ಟಿದ್ರಿ?" ಎಂದು ಬೈದು, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಅಷ್ಟಕ್ಕೆ ಅದು ಮುಗಿಯಿತು.

ಗೀರು ಒಣಗಿತು, ಹಕ್ಕಳೆ ಉದುರಿತು. ಮಿಲ್ಲಿನಲ್ಲಿ ಗರಗಸ ಬಿಡುವಿಲ್ಲದೆ ಕೊರೆಯಿತು. ಹುಡುಗಿಯ ಮಣ್ಣಿನ ಪಾಠಕ್ಕೆ ಟೀಚರು ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದರು. ಅಪ್ಪ ಆ ಹಾಳೆಯನ್ನು ಮಿಲ್ಲಿಗೆ ಒಯ್ದು ಜೊತೆಯವರಿಗೆಲ್ಲ ತೋರಿಸಿಕೊಂಡು ಬಂದ. ಬಿಸಿಲು ಏರಿತು, ನಲ್ಲಿಯ ನೀರು ಸಣ್ಣಗಾಯಿತು. ಪೆಟ್ಟಿಗೆಯ ಆರ್ಡರು ಮುಗಿದ ವಾರ ಅಪ್ಪ ಒಂದು ಡಜನು ಮೊಟ್ಟೆ ತಂದ. ನಾಲ್ಕೂ ಜನ ನೆಲದ ಮೇಲೆ ಕೂತು ಉಂಡರು. ಅಮ್ಮ ಕೂಡ ಅವತ್ತು ಮಗಳು ಕಾಪಿ ಹೊಡೆಯುವುದರ ಬಗ್ಗೆ ಏನೂ ಅನ್ನಲಿಲ್ಲ.

ಅದರ ಮುಂದಿನ ವಾರ ಅವನು ಕೈ ಕೊಡವತೊಡಗಿದ. ವಾಸಿಯಾದ ಜಾಗದಲ್ಲಿ ಇರುವೆ ಹರಿದ ಹಾಗಾಗುತ್ತದೆ ಎಂದ. ಸಣ್ಣ ಜ್ವರ ಬಂತು. ಬಿಸಿಲಿನ ತಾಪ ಎಂದುಕೊಂಡರು. ಆಮೇಲೆ ಒಂದು ಮಧ್ಯಾಹ್ನ ಗಂಜಿ ಕುಡಿಯಲು ಕೂತವನು ಲೋಟ ತುಟಿಗೆ ತಂದ ಕೂಡಲೇ ಕುತ್ತಿಗೆ ಸೆಟೆದು, ಲೋಟ ಎಸೆದ.

"ಏನ್ರೀ ಇದು!" ಅಮ್ಮ ನೆಲ ಒರೆಸಲು ಬಗ್ಗಿದಳು.

"ಫ್ಯಾನ್ ಆರಿಸು" ಎಂದ ಅವನು, ಗಂಟಲು ಒತ್ತಿ ಹಿಡಿದ ದನಿಯಲ್ಲಿ. "ಗಾಳಿ ತಡೆಯೋಕಾಗಲ್ಲ. ಆರಿಸೇ!"

ಅಷ್ಟು ಸೆಕೆಯಲ್ಲಿ ಫ್ಯಾನು ಬೇಡವೆನ್ನುವ ಮಗನನ್ನು ನೋಡುತ್ತಲೇ ಅಜ್ಜಿ ಸ್ವಿಚ್ಚು ಒತ್ತಿದಳು. ಅವಳು ಚಿಕ್ಕವಳಿದ್ದಾಗ ಅವರ ಬೀದಿಯಲ್ಲಿ ಒಬ್ಬನನ್ನು ಮಂಚಕ್ಕೆ ಕಟ್ಟಿದ್ದರು. ಅವನೂ ನೀರು ಕಂಡರೆ ಕಿರುಚುತ್ತಿದ್ದ. ಆ ಕಿರುಚಾಟ ಇಷ್ಟು ವರ್ಷ ಕಿವಿಯ ಯಾವ ಮೂಲೆಯಲ್ಲಿ ಕೂತಿತ್ತೋ, ಈಗ ಎದ್ದು ಬಂತು. ಅವಳು ಚಪ್ಪಲಿ ಕೂಡ ಮೆಟ್ಟಲಿಲ್ಲ. ಆಟೋ ತರಲು ಹೋದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ನೋಡಿ ಹೊರಗೆ ಬಂದು ಮೂವರನ್ನೂ ಗೋಡೆ ಬದಿಗೆ ಕರೆದಳು.

"ನಾಯಿ ಏನಾದ್ರೂ ಕಚ್ಚಿತ್ತಾ? ಒಂದು ತಿಂಗಳು, ಎರಡು ತಿಂಗಳ ಹಿಂದೆ?"

"ಇಲ್ಲಪ್ಪ!" ಎಂದಳು ಅಮ್ಮ. "ನಾಯಿ ಎಲ್ಲಿಂದ ಬರ್ಬೇಕು?"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಅವಳೇ ಹೇಳಿದಳು.

"ಮರಿ ಪರಚಿತ್ತು. ಮಿಲ್ಲಲ್ಲಿ."

"ಸೂಜಿ ಹಾಕಿಸಿದ್ರಾ?"

"ಇಲ್ಲ. ನಾನು ಫೋನಲ್ಲಿ ನೋಡ್ದೆ. ಮುಲಾಮು ಹಚ್ಚಿದ್ರೆ ಸಾಕು ಅಂತ ಬಂತು."

ಡಾಕ್ಟರಮ್ಮ ಹಣೆಗೆ ಕೈ ಇಟ್ಟುಕೊಂಡಳು. ಅಮ್ಮ ತಿರುಗಿ ಮಗಳನ್ನು ನೋಡಿದ ನೋಟವನ್ನು ಅಜ್ಜಿ ಮರೆಯಲಾರಳು. ಬೈಗುಳವೂ ಅಲ್ಲ, ಅಳುವೂ ಅಲ್ಲ. ಗುರುತು ಸಿಗದವರನ್ನು ನೋಡಿದ ಹಾಗೆ. ಅಲ್ಲೇ, ಆಗಲೇ, ಅಜ್ಜಿ ಹೇಳಬಹುದಿತ್ತು. ಮೊದಲು ಬಂದ ಉತ್ತರ ಸರಿಯಾಗಿಯೇ ಇತ್ತು ಎನ್ನಬಹುದಿತ್ತು. ನಾಲಿಗೆ ಎತ್ತಿದರೆ ಒಳಗೆ ಸಾಯುತ್ತಿರುವ ಮಗನ ಮೇಲೆ ಮಾತು ಬೀಳುತ್ತಿತ್ತು, ತನ್ನ ಮೇಲೂ ಬೀಳುತ್ತಿತ್ತು. ನಾಲಿಗೆ ಏಳಲಿಲ್ಲ.

"ಈಗ ಏನ್ಮಾಡೋಕಾಗುತ್ತೆ?" ಅಮ್ಮ ಕೇಳಿದಳು.

"ಈಗ ಏನೂ ಆಗಲ್ಲಮ್ಮ. ಆವತ್ತು ಬಂದಿದ್ರೆ ಆಗ್ತಿತ್ತು."

ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಅವನು ಬಹಳ ದಿನ ನರಳಲಿಲ್ಲ. ಮಣ್ಣು ಮಾಡಿದ ದಿನ ಮಿಲ್ಲಿನ ಕಾವಲುಗಾರ ಅಜ್ಜಿಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. "ಆ ಮರಿ ಮಾರನೇ ದಿನವೇ ಸುತ್ತಿ ಸುತ್ತಿ ಸತ್ತಿತ್ತಮ್ಮ. ಹೊಟ್ಟಿನ ಗುಂಡೀಲಿ ಹಾಕಿದ್ವಿ. ನಿಮ್ಮ ಮಗಂಗೂ ಹೇಳಿದ್ದೆ. ಆರ್ಡರು ಮುಗೀಲಿ ನೋಡೋಣ ಅಂದ." ಅಜ್ಜಿ ಅದನ್ನೂ ನುಂಗಿಕೊಂಡಳು. ಸತ್ತವನ ಮೇಲೆ ಕಲ್ಲು ಎಸೆಯುವುದು ಯಾಕೆ ಎಂದುಕೊಂಡಳು. ಆ ಕಲ್ಲು ಬದುಕಿರುವ ಹುಡುಗಿಯ ಮೇಲೆ ಬೀಳುತ್ತಿದೆ ಎಂದು ಅವಳಿಗೆ ಗೊತ್ತಾಗಲಿಲ್ಲವೆಂದಲ್ಲ.

ಮನೆಯ ರೀತಿ ಬದಲಾಯಿತು. ಅಮ್ಮ ಅನ್ನ ಬಡಿಸಿ, ಮಗಳ ತಟ್ಟೆಯನ್ನು ಕಾಲಿನಿಂದಲ್ಲ, ಆದರೆ ಕಾಲಿನಿಂದ ತಳ್ಳಿದ ಹಾಗೆ ಕೈಯಿಂದ ತಳ್ಳುತ್ತಿದ್ದಳು. ಜಡೆ ಹಾಕುವುದು ಬಿಟ್ಟಳು. ಅದನ್ನು ಅಜ್ಜಿ ಮಾಡತೊಡಗಿದಳು. ಅಪ್ಪನ ಫೋನು ಬಟ್ಟೆ ಟ್ರಂಕಿನ ತಳ ಸೇರಿತು. ಉಪ್ಪು ಕಡಿಮೆಯಾದರೆ, ಹಾಲು ಉಕ್ಕಿದರೆ, ಏನಾದರೂ, "ಪಂಡಿತಮ್ಮನ್ನ ಕೇಳಿ, ಎಲ್ಲಾ ಗೊತ್ತಲ್ಲ ಅವಳಿಗೆ" ಎನ್ನುತ್ತಿದ್ದಳು. ಅಪ್ಪ ಮುದ್ದಿಗೆ ಇಟ್ಟ ಹೆಸರು ಅಮ್ಮನ ಬಾಯಲ್ಲಿ ಕುಡುಗೋಲಾಯಿತು.

ನಲ್ಲಿಯ ಸಾಲಿನಲ್ಲೂ ಅದೇ ಮಾತು. "ಹುಡುಗಿ ಫೋನು ನೋಡಿ ಮದ್ದು ಹೇಳಿದ್ಲಂತೆ" ಎಂದು ಒಬ್ಬಳು ಅಂದರೆ, ಮಂಡಿ ನೋವಿಗೆ ಮದ್ದು ಕೇಳಿಕೊಂಡು ಹೋಗುತ್ತಿದ್ದ ಟೈಲರಮ್ಮನೇ "ನಾನು ಮೊದಲೇ ಅಂದ್ಕೊಂಡಿದ್ದೆ" ಎಂದಳು. ಅಜ್ಜಿ ಕೊಡ ಎತ್ತಿಕೊಂಡು ಬಂದಳು. 

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಯಿತು. ಒಂಬತ್ತನೇ ಕ್ಲಾಸಿನ ಟೀಚರು ಮೊದಲ ವಾರವೇ ಏನೋ ಹುಡುಕಿಕೊಂಡು ಬನ್ನಿ ಎಂದರು. ಹುಡುಗಿ ಬಿಳಿ ಹಾಳೆ ಇಟ್ಟುಕೊಂಡು ಕೂತಳು.

"ಮಹಡಿ ಮನೆಯಲ್ಲಿ ಫೋನು ಕೇಳಿ ತರ್ಲಾ?" ಎಂದಳು ಅಜ್ಜಿ.

"ಬೇಡ."

"ಮತ್ತೆ ಹೇಗೆ ಬರೀತೀಯ?"

"ಬರೆಯಲ್ಲ. ನಾನಿನ್ನು ಏನೂ ಕೇಳಲ್ಲ ಅಜ್ಜಿ, ಯಾರನ್ನೂ."

ಮಾರನೇ ದಿನ ಕ್ಲಾಸಿನ ಹೊರಗೆ ನಿಂತು ಬಂದಳು. ಅದರ ಮಾರನೇ ದಿನ ಹೋಗಲೇ ಇಲ್ಲ. ಅಮ್ಮ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಡಿದಳು.

"ಒಳ್ಳೇದೇ ಆಯ್ತು. ನಮ್ಮಣ್ಣಂಗೆ ಹೇಳಿದೀನಿ. ಭಾನುವಾರ ಗಾಡಿ ತರ್ತಾನೆ. ಅವನ ಊರಲ್ಲಿ ಮೀನು ಪ್ಯಾಕ್ ಮಾಡೋ ಶೆಡ್ಡಿದೆ, ಇವಳ ವಯಸ್ಸಿನವರು ಬೇಕಾದಷ್ಟು ಜನ ಇದಾರಂತೆ. ಅಲ್ಲಿರ್ಲಿ."

"ಏನಮ್ಮ, ಓದೋ ಕೂಸು..." ಎಂದಳು ಅಜ್ಜಿ.

"ಓದಿದ್ದು ಸಾಕು. ಓದಿದ್ದಕ್ಕೇ ಈ ಗತಿ. ಅತ್ತೆ, ನಾನು ಹೆತ್ತವಳು, ಆದ್ರೂ ಹೇಳ್ತೀನಿ. ಇವಳು ಎದುರಿಗೆ ಕೂತ್ರೆ ನನಗೆ ತುತ್ತು ಇಳಿಯಲ್ಲ. ಅವರನ್ನ ಕೊಂದ ಕೈ ಅಂತ ಕಾಣುತ್ತೆ. ನಾನೇನು ಮಾಡ್ಲಿ?"

ಹುಡುಗಿ ಹಿತ್ತಲ ಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅಮ್ಮ ಕೆಲಸಕ್ಕೆ ಹೋದ ಮೇಲೆ ಅಜ್ಜಿ ಹಿತ್ತಲಿಗೆ ಹೋಗಿ ಮೊಮ್ಮಗಳ ಎದುರು ಕೂತು, ತೊಳೆದ ಪಾತ್ರೆ ಒರೆಸತೊಡಗಿದಳು.

"ಕೂಸೇ, ಆವತ್ತು ಆಸ್ಪತ್ರೇಲಿ ನೀನು ಯಾಕೆ ಪೂರ್ತಿ ಹೇಳ್ಲಿಲ್ಲ?"

"ಏನು ಪೂರ್ತಿ?"

"ಮೊದಲು ಅದು ಆಸ್ಪತ್ರೆಗೆ ಹೋಗಿ ಅಂದಿದ್ದು. ಬೇಡ ಅಂದಿದ್ದು ನಿಮ್ಮಪ್ಪ. ಬೇರೆ ಥರ ಕೇಳು ಅಂದಿದ್ದು ನಾವಿಬ್ರೂ."

ಹುಡುಗಿ ಬೂದಿಯ ಕೈಯಲ್ಲೇ ಮೂಗು ಒರೆಸಿಕೊಂಡಳು. "ಅಮ್ಮಂಗೆ ಹೇಳ್ಬೇಡ ಅಂದಿದ್ರಲ್ಲ ಅಪ್ಪ. ನಾನು ಹೇಳಲ್ಲ ಅಂದಿದ್ದೆ."

"ಅಯ್ಯೋ ಕಂದಾ, ಅದು..."

"ಮತ್ತೆ ಅಳಿಸಿದ್ದು ನಾನೇ ತಾನೇ ಅಜ್ಜಿ. ಬೆರಳು ನನ್ನದೇ." ತಪ್ಪಲೆ ಬೋರಲು ಹಾಕಿದಳು. "ನೀನಾದ್ರೂ ಹೇಳ್ತೀಯ ಅಂತ ಕಾದೆ. ದಿನಾ ಕಾದೆ. ನೀನು ಹೇಳ್ಲಿಲ್ಲ. ಅದಕ್ಕೆ, ತಪ್ಪು ನನ್ನದೇ ಇರ್ಬೇಕು ಅಂದ್ಕೊಂಡೆ."

 ಅಜ್ಜಿ ಕೈಯಲ್ಲಿದ್ದ ಲೋಟವನ್ನು ಒದ್ದೆ ಆರಿದ ಮೇಲೂ ಒರೆಸುತ್ತಲೇ ಇದ್ದಳು.

ಮಾರನೇ ಬೆಳಗ್ಗೆ ಮೋಡ ಕಟ್ಟಿತ್ತು. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಅಜ್ಜಿ ಒಲೆಯ ಬೆಂಕಿ ತಗ್ಗಿಸಿ, ಸೊಸೆಯ ಎದುರಿಗೆ ಗೋಡೆಗೆ ಒರಗದೆ ನೆಟ್ಟಗೆ ಕೂತಳು. ಹುಡುಗಿ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ನಿನಗೊಂದು ಮಾತು ಹೇಳ್ಬೇಕು. ಈಳಿಗೆ ಮಣೆ ಬದಿಗಿಡು."

"ಹೇಳಿ ಅತ್ತೆ, ಕಿವಿ ಇಲ್ಲೇ ಇದೆ."

"ಬದಿಗಿಡು ಅಂದೆ."

ಅಮ್ಮ ಇಟ್ಟಳು. ಅಜ್ಜಿ ಹೇಳಿದಳು. ಚೊಂಬು ನೀರು ಸುರಿದದ್ದರಿಂದ ಹಿಡಿದು ಹೇಳಿದಳು. ಮೊದಲ ಸಲ ಏನು ಬಂತು, ಎರಡನೇ ಸಲ ಏನು, ಹಾಲು ಕುಡಿಯೋ ಮರಿ ಅನ್ನು ಎಂದವರು ಯಾರು, ಹುಡುಗಿ ಬೆರಳು ಹಿಂದೆಗೆದಾಗ ಮಾಡು ಎಂದವರು ಯಾರು. ಕಾವಲುಗಾರ ಹೇಳಿದ್ದನ್ನೂ ಹೇಳಿದಳು. ಏನನ್ನೂ ಮೊಟಕು ಮಾಡಲಿಲ್ಲ.

ಸೊಸೆ ಈರುಳ್ಳಿಯ ಸಿಪ್ಪೆ ಒಂದರ ಮೇಲೊಂದು ಜೋಡಿಸಿಟ್ಟಳು.

"ಅವರಿಗೆ ಗೊತ್ತಿತ್ತಾ? ಮರಿ ಸತ್ತದ್ದು?"

"ಗೊತ್ತಿತ್ತು."

"ನಿಮಗೆ ಮಣ್ಣು ಮಾಡಿದ ದಿನದಿಂದ ಗೊತ್ತಿತ್ತು."

"ಹೌದು."

"ಆಮೇಲೆ ಇಷ್ಟು ದಿನ ನನ್ನ ಎದುರಿಗೆ ಕೂತು ಉಂಡ್ರಿ." ದನಿ ಏರಲಿಲ್ಲ. "ನಾನು ನನ್ನ ಮಗಳಿಗೆ ಕೊಲೆಗಾತಿ ಅನ್ನೋದನ್ನ ಕೇಳಿಸ್ಕೊಂಡು, ಸಾರು ಬಡಿಸು ಅಂದ್ರಿ."

"ಮಗ ಸತ್ತ ಮೇಲೂ ಅವನ ಮೇಲೆ ಮಾತು ಬರ್ಬಾರ್ದು ಅಂತ..."

"ಮಗ! ನನಗೆ ಅವರು ಗಂಡ ಅಲ್ವಾ? ಅವರನ್ನ ಬೈದು, ಅತ್ತು, ಹಗುರ ಮಾಡ್ಕೊಳ್ತಿದ್ದೆ. ಅದನ್ನೂ ಕಿತ್ಕೊಂಡ್ರಿ. ಬೈಯೋಕೆ ಒಂದು ಹಸುಗೂಸನ್ನ ಕೈಗೆ ಕೊಟ್ರಿ." ಅಮ್ಮ ಎದ್ದು ನಿಂತಳು. "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಮಗನ ಮೇಲೆ ಬರ್ಬಾರ್ದು ಅಂತಾನಾ, ನಿಮ್ಮ ಮೇಲೆ ಬರ್ಬಾರ್ದು ಅಂತಾನಾ?"

ಅಜ್ಜಿ ತಲೆ ತಗ್ಗಿಸಿದಳು. "ಎರಡೂ."

"ಎರಡೂ ಅಂತೆ." ಅಮ್ಮ ಕೋಣೆಯ ಕಡೆ ತಿರುಗಿ ನೋಡಿದಳು. ಹುಡುಗಿ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು, ಕೈಯಲ್ಲಿ ಅಪ್ಪನ ಅಂಗಿ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಮುಂದೆ ಹೆಜ್ಜೆ ಇಡಲಿಲ್ಲ. ಅಮ್ಮ ಮತ್ತೆ ಅತ್ತೆಯ ಕಡೆ ತಿರುಗಿದಳು.

"ಅಣ್ಣಂಗೆ ಬರ್ಬೇಡ ಅಂತ ಹೇಳಲ್ಲ. ಭಾನುವಾರ ಗಾಡಿ ಬರೋದು ಬರುತ್ತೆ. ಯಾರು ಹತ್ಬೇಕು ಅನ್ನೋದನ್ನ ನೀವೇ ಹೇಳಿ ಅತ್ತೆ."

"ನಾನೇ ಹತ್ತೀನಮ್ಮ."

"ಎಲ್ಲಿಗೆ ಅಂತ ನಾನು ಕೇಳಲ್ಲ."

"ಕೇಳ್ಬೇಡ. ನನ್ನ ಮಗಳಿದಾಳೆ. ಅಳಿಯ ಜಾಗ ಇಲ್ಲ ಅಂತಿದ್ದ. ನಡೂಮನೇಲಿ ಹಾಸ್ಕೋತೀನಿ, ಓಡಾಡೋರು ದಾಟ್ಕೊಂಡು ಹೋಗ್ತಾರೆ."

ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಜಗಳವಾಗಲಿಲ್ಲ. ಅಮ್ಮ ಮೂರು ತಟ್ಟೆ ಇಡುತ್ತಿದ್ದಳು. ಮಗಳ ತಟ್ಟೆ ತನ್ನ ಪಕ್ಕಕ್ಕೆ ಬಂದಿತ್ತು, ಅತ್ತೆಯದು ಬಾಗಿಲ ಕಡೆಗೆ ಸರಿದಿತ್ತು. ಮಗಳ ಜೊತೆ ಮಾತು ಇನ್ನೂ ಹೆಚ್ಚು ಬರುತ್ತಿರಲಿಲ್ಲ. ಶುಕ್ರವಾರ ಬೆಳಗ್ಗೆ ಬಾಚಣಿಗೆ ತಗೊಂಡು "ಬಾ ಇಲ್ಲಿ" ಎಂದಳು. ಹುಡುಗಿ ಹೋಗಿ ಬೆನ್ನು ಮಾಡಿ ಕೂತಳು. ಅಮ್ಮ ಎರಡು ಸಲ ಬಿಚ್ಚಿ ಹಾಕಿದರೂ ಜಡೆ ಸೊಟ್ಟಗಾಯಿತು. ಅದನ್ನೇ ಹಾಕಿಕೊಂಡು ಹುಡುಗಿ ಶಾಲೆಗೆ ಹೋದಳು.

ಶನಿವಾರ ಸಂಜೆ ಅಮ್ಮ ಟ್ರಂಕಿನ ತಳದಿಂದ ಫೋನು ತೆಗೆದು ಅಕ್ಕಿ ಡಬ್ಬಿಗೆ ಆನಿಸಿಟ್ಟಳು. "ಶಾಲೇದು ಏನಿದೆಯೋ ಮಾಡು" ಎಂದಳು. ಹುಡುಗಿ ಅದನ್ನು ಹಾವು ನೋಡಿದ ಹಾಗೆ ನೋಡಿದಳು. ಆಮೇಲೆ ಮಂಡಿಯೂರಿದಳು. ಅಜ್ಜಿ ತನ್ನ ಎರಡು ಸೀರೆ, ಕಂಬಳಿ, ಕನ್ನಡಕ ಗಂಟು ಕಟ್ಟುತ್ತ ಕುಳಿತಿದ್ದಳು.

ಫೋನು ಉದ್ದಕ್ಕೆ ಸುರಿಯಿತು. ಹುಡುಗಿಯ ಹೆಬ್ಬೆರಳು ಅಳಿಸುವ ಜಾಗದ ಮೇಲೆ ಹೋಗಿ ನಿಂತಿತು. ಒತ್ತದೆ ಬೆರಳು ಹಿಂದಕ್ಕೆ ತೆಗೆದಳು. ನೋಟ್ ಪುಸ್ತಕ ಬಿಡಿಸಿ, ಫೋನಿನ ಉತ್ತರವನ್ನು ಮೊದಲ ಸಾಲಿನಿಂದ ತುಟಿ ಆಡಿಸುತ್ತ ಓದತೊಡಗಿದಳು. ಟೀಚರು ಬಿಟ್ಟಿದ್ದ ಜಾಗ ಮುಗಿದರೂ ಬರೆಯುವುದು ನಿಲ್ಲಿಸಲಿಲ್ಲ. ಹಾಳೆ ತಿರುವಿ ಬರೆದಳು.

"ಅಷ್ಟೊಂದು ಬರೆದ್ರೆ ಮಾರ್ಕ್ಸ್ ಕೊಡ್ತಾರಾ ಕೂಸೇ?" ಅಜ್ಜಿ ಕೇಳಿದಳು.

"ಗೊತ್ತಿಲ್ಲ" ಎಂದಳು ಹುಡುಗಿ, ತಲೆ ಎತ್ತದೆ.

ಮಾರನೇ ದಿನ ಗಾಡಿ ಬಂತು, ನಲ್ಲಿಗೆ ನೀರು ಬರುವ ಮುಂಚೆ. ಸಣ್ಣಗೆ ಹನಿಯುತ್ತಿತ್ತು. ಸೊಸೆಯ ಅಣ್ಣ ಒಳಗೆ ಇಣುಕಿ, "ಎಲ್ಲಿ ಹುಡುಗಿ? ಸಾಮಾನು ಎಲ್ಲಿ?" ಎಂದ. ಅಮ್ಮ ಒಲೆಯ ಮುಂದಿನಿಂದ ಏಳದೆ, "ಅತ್ತೆ ಬರ್ತಾರೆ. ಗಂಟು ಒಂದೇ" ಎಂದಳು.

ಹುಡುಗಿ ಬಾಗಿಲವರೆಗೆ ಬಂದಳು. ಮೆಟ್ಟಿಲು ಇಳಿಯಲಿಲ್ಲ. ಅಜ್ಜಿ ಅವಳ ಕೆನ್ನೆ ಮುಟ್ಟಲು ಕೈ ಚಾಚಿದಳು. ಹುಡುಗಿ ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡು ಗಾಡಿ ಹತ್ತಿದಳು. ಮಿಲ್ಲಿಗೆ ರಜೆ, ಗರಗಸದ ಸದ್ದಿರಲಿಲ್ಲ.

ಆ ಮನೆಯಿಂದ ಅಜ್ಜಿ ಹೋದದ್ದು ಹೀಗೆ, ಮೊದಲ ಮಳೆಯ ಭಾನುವಾರ.